ಮನಸ್ಸಿನ ಉಬ್ಬರವಿಳಿತಕ್ಕೆ ದಿನಚರಿಯ ಒಡ್ಡು

ಸುಖದುಃಖಗಳ ಏರಿಳಿತವಿಲ್ಲದ ಮನಸ್ಸು ಲೋಕದಲ್ಲಿಲ್ಲ. ಬೆಳೆ ಕೈಗೆ ಬಂದ ವರ್ಷ ರೈತನ ಮನಸ್ಸು ಹಿಗ್ಗುತ್ತದೆ. ಮಳೆ ಕೈಕೊಟ್ಟ ವರ್ಷ ಕುಗ್ಗುತ್ತದೆ. ಈ ಹಿಗ್ಗುಕುಗ್ಗುಗಳಿಗೆ ಒಂದು ಕಾರಣವುಂಟು, ಒಂದು ಮಿತಿಯೂ ಉಂಟು. ಕೆಲವು ದಿನ ಕಳೆದರೆ ಮನಸ್ಸು ತಾನಾಗಿಯೇ ತನ್ನ ನೆಲೆಗೆ ಮರಳುವುದು. ಆದರೆ ಕೆಲವರಲ್ಲಿ ಹೀಗೆ ನೆಲೆಗೆ ಮರಳುವ ಶಕ್ತಿಯೇ ಆಗಾಗ ತಪ್ಪಿಹೋಗುತ್ತದೆ. ಕಾರಣವಿಲ್ಲದೆಯೋ ಅತ್ಯಲ್ಪ ಕಾರಣದಿಂದಲೋ ಮನಸ್ಸು ಮೇಲೇರಿ ವಾರಗಟ್ಟಲೆ ಅಲ್ಲಿಯೇ ನಿಲ್ಲುವುದು. ಮತ್ತೊಮ್ಮೆ ಕೆಳಗಿಳಿದು ತಿಂಗಳುಗಟ್ಟಲೆ ಅಲ್ಲಿಯೇ ಉಳಿಯುವುದು. ಈ ಎರಡರ ನಡುವೆ ಅದೇ ವ್ಯಕ್ತಿ ಎಲ್ಲರಂತೆ ದುಡಿದು, ನಕ್ಕು, ಸಂಸಾರ ನಡೆಸಿಕೊಂಡಿರುವ ಕಾಲವೂ ಉಂಟು. ಇದಕ್ಕೆ ವೈದ್ಯರು ಬೈಪೋಲಾರ್ ಕಾಯಿಲೆ ಎಂದು ಹೆಸರಿಟ್ಟಿದ್ದಾರೆ. ದ್ವಿಧ್ರುವ ಮನೋವ್ಯಾಧಿ ಎಂದು ನಾವು ಕರೆಯಬಹುದು.

ಇದು ತೀರ ಅಪರೂಪದ ರೋಗವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ ೨೦೧೫-೧೬ರಲ್ಲಿ ದೇಶದ ೧೨ ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ವಯಸ್ಕರಲ್ಲಿ ಸುಮಾರು ಇನ್ನೂರಕ್ಕೆ ಒಬ್ಬರು ಜೀವಿತದಲ್ಲಿ ಒಮ್ಮೆಯಾದರೂ ಈ ವ್ಯಾಧಿಗೆ ಒಳಗಾದವರೆಂದು ಅದರಿಂದ ತಿಳಿದುಬಂದಿತು. ಅವರಲ್ಲಿ ನೂರಕ್ಕೆ ಸುಮಾರು ೭೦ ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲವೆಂಬುದು ಅದಕ್ಕಿಂತ ಕಳವಳದ ಸಂಗತಿ.

ರೋಗದ ಲಕ್ಷಣಗಳನ್ನು ಪಟ್ಟಿಮಾಡುವುದಷ್ಟೇ ಈ ಲೇಖನದ ಉದ್ದೇಶವಲ್ಲ. ರೋಗವಿದೆಯೆಂದು ನಿಶ್ಚಯವಾದ ಮೇಲೆ ಮನುಷ್ಯನು ಊಟ, ನಿದ್ರೆ, ಉದ್ಯೋಗ, ಹಣಕಾಸು, ಹಬ್ಬಹರಿದಿನಗಳ ನಡುವೆ ಹೇಗೆ ಬಾಳಬೇಕು ಎಂಬುದೇ ಇಲ್ಲಿಯ ಪ್ರಶ್ನೆ. ಏಕೆಂದರೆ ಈ ವ್ಯಾಧಿಯಲ್ಲಿ ವೈದ್ಯರು ಮಾಡುವ ಕೆಲಸ ತಿಂಗಳಿಗೆ ಅರ್ಧ ಗಂಟೆಯದು. ಉಳಿದ ಕೆಲಸವೆಲ್ಲ ಮನೆಯಲ್ಲಿ, ದಿನದಿನವೂ ನಡೆಯಬೇಕಾದುದು.

ವ್ಯಾಧಿಯ ಎರಡು ಮುಖಗಳು

ಒಬ್ಬ ಅಂಗಡಿಯ ಯಜಮಾನನನ್ನು ಊಹಿಸಿಕೊಳ್ಳೋಣ. ಸಾಮಾನ್ಯವಾಗಿ ಮಿತಭಾಷಿ, ಲೆಕ್ಕದ ಮನುಷ್ಯ. ಇದ್ದಕ್ಕಿದ್ದಂತೆ ಅವನ ನಿದ್ರೆ ಮೂರು ಗಂಟೆಗೆ ಇಳಿಯುತ್ತದೆ, ಆದರೂ ಆಯಾಸವೆಂಬುದಿಲ್ಲ. ಮಾತಿಗೆ ತಡೆಯಿಲ್ಲ, ಒಂದು ವಿಷಯ ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತಾನೆ. ಸಾಲ ತಂದು ಹತ್ತುಪಟ್ಟು ಸರಕು ತರಿಸುತ್ತಾನೆ, ಮತ್ತೆರಡು ಅಂಗಡಿಗಳಿಗೆ ಮುಂಗಡ ಕೊಡುತ್ತಾನೆ, ಬೇಡವೆಂದವರ ಮೇಲೆ ರೇಗುತ್ತಾನೆ. ಇಂತಹ ಸ್ಥಿತಿ ಒಂದು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ನಿಂತರೆ ಅದು ಉನ್ಮಾದ. ಇದೇ ಲಕ್ಷಣಗಳು ಸೌಮ್ಯವಾಗಿದ್ದು, ಕನಿಷ್ಠ ನಾಲ್ಕು ದಿನವಾದರೂ ಇದ್ದು, ಸಂಸಾರ ಉದ್ಯೋಗಗಳನ್ನು ಕೆಡಿಸುವಷ್ಟು ತೀವ್ರವಾಗದಿದ್ದರೆ ಅದು ಲಘು ಉನ್ಮಾದ.

ಇನ್ನೊಂದು ಮುಖ ಖಿನ್ನತೆ. ಅದೇ ಯಜಮಾನನು ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಅಂಗಡಿಯ ಬಾಗಿಲು ತೆಗೆಯಲಾರದೆ ಮಲಗಿಬಿಡುತ್ತಾನೆ. ರುಚಿಯಿಲ್ಲ, ಆಸೆಯಿಲ್ಲ, ಸ್ನಾನವೂ ಬೆಟ್ಟದಂತಹ ಕೆಲಸ. ತಾನು ಯಾರಿಗೂ ಬೇಡದವನೆಂಬ ಭಾವನೆ ಬಲಿಯುತ್ತದೆ. ಒಮ್ಮೊಮ್ಮೆ ಉನ್ಮಾದದ ಚಡಪಡಿಕೆಯೂ ಖಿನ್ನತೆಯ ನಿರಾಶೆಯೂ ಒಂದೇ ಕಾಲದಲ್ಲಿ ಕೂಡಿಕೊಳ್ಳುವುದುಂಟು. ಈ ಮಿಶ್ರಸ್ಥಿತಿಯು ಪ್ರಾಣಕ್ಕೆ ಬಹಳ ಅಪಾಯಕರವಾದುದು.

ನೋಡುವವರಿಗೆ ಉನ್ಮಾದವೇ ಎದ್ದುಕಾಣುವುದಾದರೂ ರೋಗಿಯ ಬಾಳನ್ನು ಹೆಚ್ಚಾಗಿ ತಿನ್ನುವುದು ಖಿನ್ನತೆ. ಅಮೆರಿಕದಲ್ಲಿ ೧೪೬ ರೋಗಿಗಳನ್ನು ಸುಮಾರು ೧೩ ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದು ೨೦೦೨ರಲ್ಲಿ ಪ್ರಕಟವಾಯಿತು. ಅವರು ಖಿನ್ನತೆಯ ಲಕ್ಷಣಗಳಲ್ಲಿ ಕಳೆದ ವಾರಗಳು ನೂರಕ್ಕೆ ೩೨. ಉನ್ಮಾದದ ಲಕ್ಷಣಗಳಲ್ಲಿ ಕಳೆದವು ಕೇವಲ ೯. ಆದರೂ ನೂರಕ್ಕೆ ಅರ್ಧಕ್ಕಿಂತ ಹೆಚ್ಚು ವಾರಗಳನ್ನು ಅವರು ಲಕ್ಷಣಗಳಿಲ್ಲದೆ ಕಳೆದರೆಂಬುದನ್ನೂ ಮರೆಯಬಾರದು. ಈ ಸ್ವಸ್ಥ ವಾರಗಳೇ ಮುಂದೆ ಹೇಳುವ ಎಲ್ಲ ಉಪಾಯಗಳಿಗೂ ಆಧಾರ.

ಹೆಸರು ಬಂದ ಬಗೆ

ಉನ್ಮಾದವೂ ಖಿನ್ನತೆಯೂ ಒಂದೇ ರೋಗದ ಎರಡು ರೂಪಗಳೆಂದು ೧೮೫೪ರಲ್ಲಿ ಫ್ರಾನ್ಸಿನ ಫಾಲ್ರೆ ಮತ್ತು ಬೈಯಾರ್ಜೆ ಎಂಬ ವೈದ್ಯರು ಬೇರೆಬೇರೆಯಾಗಿ ಸಾರಿದರು. ಜರ್ಮನಿಯ ಎಮಿಲ್ ಕ್ರೇಪೆಲಿನ್ ೧೮೯೯ರಲ್ಲಿ ಇದಕ್ಕೆ ಉನ್ಮಾದ-ಖಿನ್ನತೆಯ ಹುಚ್ಚು ಎಂಬ ಅರ್ಥದ ಹೆಸರನ್ನು ಕೊಟ್ಟನು. ಬೈಪೋಲಾರ್ ಎಂಬ ಹೆಸರು ೧೯೮೦ರಲ್ಲಿ ಅಮೆರಿಕದ ಮನೋವೈದ್ಯ ಸಂಘದ ರೋಗವರ್ಗೀಕರಣದಲ್ಲಿ ಸೇರಿತು. ಹೆಸರಿನಿಂದ ಹುಚ್ಚು ಎಂಬ ಪದವು ಬಿಟ್ಟುಹೋದುದು ಸಣ್ಣ ಲಾಭವೇನಲ್ಲ.

ರೋಗಕ್ಕೆ ಒಂದೇ ಕಾರಣವೆಂಬುದಿಲ್ಲ. ಅನುವಂಶೀಯತೆಯ ಪಾಲು ದೊಡ್ಡದು. ಒಂದೇ ಮನೆತನದಲ್ಲಿ ಹಲವರಿಗೆ ಬರುವುದುಂಟು. ಆದರೆ ತಂದೆಗೋ ತಾಯಿಗೋ ಇದ್ದಮಾತ್ರಕ್ಕೆ ಮಕ್ಕಳಿಗೆ ಬಂದೇ ತೀರುವುದೆಂಬ ನಿಯಮವಿಲ್ಲ. ಬಹುಪಾಲು ಮಕ್ಕಳಿಗೆ ಬರುವುದಿಲ್ಲ. ಇದು ಪಾಪದ ಫಲವೂ ಅಲ್ಲ, ಮಾಟದ ಫಲವೂ ಅಲ್ಲ, ಮನೋದಾರ್ಢ್ಯದ ಕೊರತೆಯೂ ಅಲ್ಲ.

ಲಿಥಿಯಂ ಕಲಿಸಿದ ಪಾಠ

ಈ ವ್ಯಾಧಿಗೆ ದೊರೆತ ಮೊದಲ ನಿಜವಾದ ಔಷಧಿ ಒಂದು ಲೋಹದ ಲವಣ. ಲಿಥಿಯಂ ಎಂಬುದು ಧಾತುಗಳ ಪಟ್ಟಿಯಲ್ಲಿ ಮೂರನೆಯದು, ಲೋಹಗಳಲ್ಲೆಲ್ಲ ಅತ್ಯಂತ ಹಗುರವಾದುದು. ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರದ ಚಾಂಗಿಯಲ್ಲಿ ಜಪಾನೀಯರ ಸೆರೆಯಾಳಾಗಿದ್ದು ಬಂದ ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್, ಮೆಲ್ಬರ್ನ್ ನಗರದ ಬಂಡೂರಾ ಆಸ್ಪತ್ರೆಯಲ್ಲಿ ಗಿನಿಯಿಲಿಗಳ ಮೇಲೆ ಬೇರೊಂದು ಪ್ರಯೋಗ ನಡೆಸುತ್ತಿರುವಾಗ, ಲಿಥಿಯಂ ಲವಣವನ್ನು ಪಡೆದ ಪ್ರಾಣಿಗಳು ಶಾಂತವಾಗುವುದನ್ನು ಕಂಡನು. ಮೊದಲು ತಾನೇ ಸೇವಿಸಿ ನೋಡಿ, ಬಳಿಕ ಹತ್ತು ಮಂದಿ ಉನ್ಮಾದರೋಗಿಗಳಿಗೆ ಕೊಟ್ಟನು. ೧೯೪೯ರ ಸೆಪ್ಟೆಂಬರಿನಲ್ಲಿ ತನ್ನ ವರದಿಯನ್ನು ಪ್ರಕಟಿಸಿದನು.

ಆ ಹತ್ತು ಮಂದಿಯಲ್ಲಿ ಮೊದಲನೆಯವನ ಕಥೆಯಲ್ಲಿ ಇಂದಿಗೂ ಬೇಕಾದ ಎರಡು ಪಾಠಗಳಿವೆ. ಐದು ವರ್ಷಗಳಿಂದ ಉನ್ಮಾದದಲ್ಲಿದ್ದ ೫೧ ವರ್ಷದ ಆ ಮನುಷ್ಯ ಕೆಲವೇ ತಿಂಗಳಲ್ಲಿ ಗುಣಹೊಂದಿ ಮನೆಗೆ ಹೋದನು. ತನ್ನ ಹಳೆಯ ಉದ್ಯೋಗವನ್ನೂ ಹಿಡಿದನು. ಚೆನ್ನಾಗಿದ್ದೇನೆಂದು ಔಷಧಿಯನ್ನು ಅಲಕ್ಷಿಸಿ, ಕೊನೆಗೆ ನಿಲ್ಲಿಸಿಯೇಬಿಟ್ಟನು. ರೋಗ ಮರುಕಳಿಸಿ ಮತ್ತೆ ಆಸ್ಪತ್ರೆ ಸೇರಬೇಕಾಯಿತು. ಮುಂದೆ ೧೯೫೦ರಲ್ಲಿ, ದೇಹದಲ್ಲಿ ಲಿಥಿಯಂ ಮಿತಿಮೀರಿ ವಿಷವಾಗಿ, ಅವನು ತೀರಿಕೊಂಡನು. ಔಷಧಿಯನ್ನು ಬಿಟ್ಟರೆ ರೋಗ ಮರಳುವುದೆಂಬುದು ಒಂದು ಪಾಠ; ಅಳತೆಯಿಲ್ಲದೆ ಕೊಟ್ಟರೆ ಔಷಧಿಯೇ ಅಪಾಯವೆಂಬುದು ಇನ್ನೊಂದು.

ಮೊದಲನೆಯ ಪಾಠವನ್ನು ಡೆನ್ಮಾರ್ಕಿನ ಮೋಗೆನ್ಸ್ ಶೌ ಮತ್ತು ಅವನ ಸಂಗಡಿಗರು ೧೯೭೦ರಲ್ಲಿ ಪ್ರಯೋಗದಿಂದಲೇ ತೋರಿಸಿಕೊಟ್ಟರು. ಲಿಥಿಯಂ ಸೇವಿಸಿ ಸ್ವಸ್ಥರಾಗಿದ್ದ ೮೪ ರೋಗಿಗಳಲ್ಲಿ ೩೯ ಮಂದಿಗೆ, ಅವರಿಗೂ ನೋಡಿಕೊಳ್ಳುವವರಿಗೂ ತಿಳಿಯದಂತೆ, ಔಷಧಿಯಿಲ್ಲದ ಹುಸಿಗುಳಿಗೆಯನ್ನು ಕೊಟ್ಟರು. ಐದು ತಿಂಗಳಲ್ಲಿ ಇವರಲ್ಲಿ ೨೧ ಮಂದಿಗೆ ರೋಗ ಮರುಕಳಿಸಿತು. ಲಿಥಿಯಂ ಮುಂದುವರಿಸಿದ ೪೫ ಮಂದಿಯಲ್ಲಿ ಒಬ್ಬರಿಗೂ ಮರುಕಳಿಸಲಿಲ್ಲ. ಎರಡನೆಯ ಪಾಠಕ್ಕೆ ಉತ್ತರವೇ ರಕ್ತಪರೀಕ್ಷೆ. ಹಿಂದಿನ ಗುಳಿಗೆ ನುಂಗಿದ ೧೨ ಗಂಟೆಗಳ ಅನಂತರ ರಕ್ತ ತೆಗೆದು ಲಿಥಿಯಂ ಪ್ರಮಾಣವನ್ನು ಅಳೆಯುತ್ತಾರೆ. ಲೀಟರಿಗೆ ೦.೬ರಿಂದ ೧.೦ ಮಿಲಿಮೋಲ್ ಎಂಬುದು ದೀರ್ಘಕಾಲದ ಸೇವನೆಗೆ ಸಾಮಾನ್ಯವಾದ ಮಿತಿ, ೧.೫ ದಾಟಿದರೆ ವಿಷಲಕ್ಷಣಗಳು ಕಾಣತೊಡಗುವುವು. ಔಷಧಿಗೂ ವಿಷಕ್ಕೂ ಇಷ್ಟು ಕಿರಿದಾದ ಅಂತರವಿರುವುದರಿಂದಲೇ ಪರೀಕ್ಷೆಯನ್ನು ತಪ್ಪಿಸಕೂಡದು. ಜೊತೆಗೆ ಮೂತ್ರಪಿಂಡ, ಥೈರಾಯ್ಡ್ ಗ್ರಂಥಿ ಮತ್ತು ರಕ್ತದ ಕ್ಯಾಲ್ಸಿಯಂಗಳನ್ನೂ ಕಾಲಕಾಲಕ್ಕೆ ನೋಡಿಸಬೇಕು.

ಲಿಥಿಯಂ ಎಲ್ಲರಿಗೂ ಒಗ್ಗುವುದಿಲ್ಲ. ವಾಲ್‌ಪ್ರೊಯೇಟ್, ಲ್ಯಾಮೊಟ್ರಿಜಿನ್, ಕ್ವೆಟಿಯಾಪಿನ್ ಮೊದಲಾದ ಔಷಧಿಗಳೂ ಇಂದು ಬಳಕೆಯಲ್ಲಿವೆ. ಯಾರಿಗೆ ಯಾವುದು ಎಂಬುದು ವೈದ್ಯರ ವಿವೇಚನೆಗೆ ಸೇರಿದ್ದು. ಖಿನ್ನತೆಗೆ ಕೊಡುವ ಮಾತ್ರೆಗಳನ್ನು ಮಾತ್ರ ನುಂಗಿದರೆ ಕೆಲವರಲ್ಲಿ ಮನಸ್ಸು ಉನ್ಮಾದದ ಕಡೆಗೆ ಹೊರಳುವುದುಂಟು. ಆದುದರಿಂದ ಖಿನ್ನತೆಯೆಂದು ವೈದ್ಯರಲ್ಲಿಗೆ ಹೋದವರು, ಹಿಂದೆ ಎಂದಾದರೂ ಅತಿಯಾದ ಉತ್ಸಾಹದ ಕಾಲ ಬಂದಿದ್ದರೆ ಅದನ್ನು ಮರೆಯದೆ ಹೇಳಬೇಕು.

ಉಪ್ಪು, ನೀರು, ಉಪವಾಸ

ಲಿಥಿಯಂ ಮತ್ತು ಅಡಿಗೆಯ ಉಪ್ಪಿನಲ್ಲಿರುವ ಸೋಡಿಯಂ ರಸಾಯನಶಾಸ್ತ್ರದಲ್ಲಿ ಒಂದೇ ಕುಟುಂಬಕ್ಕೆ ಸೇರಿದವು. ಮೂತ್ರಪಿಂಡಗಳು ಇವೆರಡನ್ನೂ ಬಹುಮಟ್ಟಿಗೆ ಒಂದೇ ಬಗೆಯಾಗಿ ನಡೆಸಿಕೊಳ್ಳುತ್ತವೆ. ದೇಹದಲ್ಲಿ ಉಪ್ಪು ಕಡಿಮೆಯಾದರೆ ಮೂತ್ರಪಿಂಡಗಳು ಸೋಡಿಯಮ್ಮನ್ನು ಹೊರಬಿಡದೆ ಹಿಡಿದಿಟ್ಟುಕೊಳ್ಳುತ್ತವೆ. ಅದರೊಂದಿಗೆ ಲಿಥಿಯಮ್ಮನ್ನೂ ಹಿಡಿದಿಡುತ್ತವೆ. ಹೀಗೆ, ಗುಳಿಗೆಯ ಪ್ರಮಾಣ ಮೊದಲಿನಷ್ಟೇ ಇದ್ದರೂ ರಕ್ತದಲ್ಲಿ ಲಿಥಿಯಂ ಏರುತ್ತದೆ.

ನಮ್ಮ ಮನೆಗಳ ಮಟ್ಟಿಗೆ ಇದು ಬಹು ಮುಖ್ಯ. ಕಾಯಿಲೆಯೆಂದೊಡನೆ ಉಪ್ಪಿಲ್ಲದ ಪಥ್ಯವನ್ನು ಹಿಡಿಯುವ ಅಭ್ಯಾಸ ನಮ್ಮಲ್ಲುಂಟು. ಲಿಥಿಯಂ ಸೇವಿಸುವವರು ಹೀಗೆ ಇದ್ದಕ್ಕಿದ್ದಂತೆ ಉಪ್ಪು ಬಿಡಬಾರದು. ಅತಿಯಾಗಿ ತಿನ್ನುವುದೂ ಬೇಡ. ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರಬೇಕು. ನಿರ್ಜಲ ಏಕಾದಶಿಯಾಗಲಿ ರಂಜಾನಿನ ಉಪವಾಸವಾಗಲಿ ವೈದ್ಯರನ್ನು ಕೇಳಿದ ಮೇಲೆಯೇ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಬಿಸಿಲಿನಲ್ಲಿ ದುಡಿದು ಬೆವರುವವರು ನೀರು ಮಜ್ಜಿಗೆಗಳನ್ನು ಧಾರಾಳವಾಗಿ ಕುಡಿಯಬೇಕು. ವಾಂತಿಭೇದಿಯಾದರೆ ಮುಂದಿನ ಗುಳಿಗೆಗೆ ಮೊದಲೇ ವೈದ್ಯರನ್ನು ವಿಚಾರಿಸಬೇಕು. ಮೈಕೈನೋವಿಗೆ ಅಂಗಡಿಯಿಂದ ತಾವೇ ತಂದುಕೊಳ್ಳುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳೂ, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳೂ ಲಿಥಿಯಮ್ಮನ್ನು ಏರಿಸಬಲ್ಲವು. ಯಾವ ವೈದ್ಯರಲ್ಲಿಗೆ ಹೋದರೂ, ಹಲ್ಲಿನ ವೈದ್ಯರಲ್ಲಿಗೆ ಹೋದರೂ, ಲಿಥಿಯಂ ಸೇವಿಸುತ್ತಿರುವುದನ್ನು ಮೊದಲು ಹೇಳಬೇಕು.

ಕೈಬೆರಳುಗಳ ಸಣ್ಣ ನಡುಕ, ಬಾಯಾರಿಕೆ, ಹೆಚ್ಚು ಮೂತ್ರ ಇವು ಸಾಮಾನ್ಯವಾಗಿ ಕಾಣುವುವು. ಆದರೆ ನಡುಕ ದೊಡ್ಡದಾಗಿ, ನಡಿಗೆ ತೂರಾಡಿ, ಮಾತು ತೊದಲಿ, ಮಂಪರು ಕವಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ದೇಹದ ಗಡಿಯಾರ

ಔಷಧಿಯಷ್ಟೇ ಮುಖ್ಯವಾದ ಇನ್ನೊಂದು ಸಾಧನ ಹಣ ಕೊಡದೆ ದೊರೆಯುವಂಥದು. ಅದು ನಿದ್ರೆ. ಮೆದುಳಿನ ತಳದಲ್ಲಿ, ಕಣ್ಣುಗಳಿಂದ ಬರುವ ನರಗಳು ಒಂದನ್ನೊಂದು ಹಾಯುವ ಜಾಗದ ಸ್ವಲ್ಪ ಮೇಲೆ, ಸುಮಾರು ಇಪ್ಪತ್ತು ಸಾವಿರ ನರಕೋಶಗಳ ಪುಟ್ಟ ಗುಂಪೊಂದಿದೆ. ದೇಹದ ಶಾಖ, ಹಸಿವು, ನಿದ್ರೆ, ಎಚ್ಚರಗಳಿಗೆ ಹೊತ್ತು ಗೊತ್ತುಮಾಡುವ ಗಡಿಯಾರ ಇದೇ. ಆದರೆ ಈ ಗಡಿಯಾರದ ಸುತ್ತು ಸರಿಯಾಗಿ ಇಪ್ಪತ್ತನಾಲ್ಕು ಗಂಟೆಯದಲ್ಲ. ಸರಾಸರಿ ಹತ್ತು ನಿಮಿಷದಷ್ಟು ಹೆಚ್ಚು. ಬೆಳಗಿನ ಬೆಳಕು ಅದನ್ನು ದಿನದಿನವೂ ತಿದ್ದಿ ಲೋಕದ ಹೊತ್ತಿಗೆ ಹೊಂದಿಸುತ್ತದೆ. ಹೊತ್ತಿಗೆ ಸರಿಯಾದ ಊಟ, ಕೆಲಸ, ಜನರ ಒಡನಾಟಗಳೂ ಹೀಗೆ ತಿದ್ದುವುದರಲ್ಲಿ ನೆರವಾಗುತ್ತವೆ.

ದ್ವಿಧ್ರುವ ವ್ಯಾಧಿಯುಳ್ಳವರಲ್ಲಿ ಈ ಗಡಿಯಾರ ಬೇಗ ಕದಲುವ ಸ್ವಭಾವದ್ದು. ನಿದ್ರೆ ಕೆಡುವುದು ಉನ್ಮಾದದ ಲಕ್ಷಣವಷ್ಟೇ ಅಲ್ಲ, ಅದಕ್ಕೆ ಕಾರಣವೂ ಹೌದೆಂದು ಅಮೆರಿಕದ ಥಾಮಸ್ ವೇರ್ ಮತ್ತು ಸಂಗಡಿಗರು ೧೯೮೭ರಲ್ಲಿ ವಾದಿಸಿದರು. ದುಃಖ, ಪ್ರಯಾಣ, ಹೆರಿಗೆ, ಪರೀಕ್ಷೆ ಹೀಗೆ ಆರಂಭದ ಕಾರಣ ಯಾವುದಾದರೂ ಆಗಬಹುದು. ಅದು ನಿದ್ರೆಯನ್ನು ಕೆಡಿಸುತ್ತದೆ, ಕೆಟ್ಟ ನಿದ್ರೆ ಉನ್ಮಾದವನ್ನು ಎಬ್ಬಿಸುತ್ತದೆ, ಉನ್ಮಾದವು ನಿದ್ರೆಯನ್ನು ಮತ್ತಷ್ಟು ಕಡಿಮೆ ಮಾಡುತ್ತದೆ. ಈ ಸುತ್ತು ಒಮ್ಮೆ ವೇಗ ಪಡೆದರೆ ನಿಲ್ಲಿಸುವುದು ಕಷ್ಟ. ಒಂದೆರಡು ರಾತ್ರಿಗಳಲ್ಲಿಯೇ ಗುರುತಿಸಿದರೆ ಸುಲಭ.

ಪಿಟ್ಸ್‌ಬರ್ಗಿನ ಎಲೆನ್ ಫ್ರ್ಯಾಂಕ್ ಮತ್ತು ಸಂಗಡಿಗರು ಇದರ ಆಧಾರದ ಮೇಲೆ ದಿನಚರಿಯನ್ನೇ ಚಿಕಿತ್ಸೆಯ ಒಂದು ಭಾಗವಾಗಿ ಮಾಡಿದರು. ೧೭೫ ರೋಗಿಗಳೊಡನೆ ನಡೆಸಿ ೨೦೦೫ರಲ್ಲಿ ಪ್ರಕಟಿಸಿದ ಅವರ ಪರೀಕ್ಷೆಯಲ್ಲಿ, ರೋಗ ತೀವ್ರವಾಗಿದ್ದಾಗ ಔಷಧಿಯ ಜೊತೆಗೆ ಈ ಬಗೆಯ ಶಿಕ್ಷಣ ಪಡೆದವರು, ಮುಂದಿನ ಎರಡು ವರ್ಷಗಳಲ್ಲಿ ಹೆಚ್ಚು ಕಾಲ ರೋಗ ಮರುಕಳಿಸದೆ ಉಳಿದರು. ಅವರ ವಿಧಾನದ ಸಾರ ಸರಳವಾಗಿದೆ. ದಿನದಲ್ಲಿ ಐದು ಹೊತ್ತುಗಳನ್ನು ಗೂಟ ಹೊಡೆದಂತೆ ನಿಲ್ಲಿಸಬೇಕು:

೧. ಹಾಸಿಗೆಯಿಂದ ಏಳುವ ಹೊತ್ತು.
೨. ಮತ್ತೊಬ್ಬರೊಡನೆ ಮೊದಲ ಮಾತು ಆಡುವ ಹೊತ್ತು.
೩. ಕೆಲಸ ಅಥವಾ ಓದು ಆರಂಭಿಸುವ ಹೊತ್ತು.
೪. ರಾತ್ರಿಯ ಊಟದ ಹೊತ್ತು.
೫. ಮಲಗುವ ಹೊತ್ತು.

ಈ ಐದನ್ನು ದಿನವೂ ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಇವುಗಳಲ್ಲೆಲ್ಲ ಏಳುವ ಹೊತ್ತಿಗೆ ಹೆಚ್ಚು ಗಮನ ಕೊಡಬೇಕು. ನಿದ್ರೆ ಬರುವುದು ನಮ್ಮ ಅಧೀನದಲ್ಲಿಲ್ಲ. ಏಳುವುದು ಸ್ವಲ್ಪಮಟ್ಟಿಗಾದರೂ ಇದೆ. ಎದ್ದೊಡನೆ ಅಂಗಳಕ್ಕೋ ಮಹಡಿಗೋ ಹೋಗಿ ಬೆಳಕಿಗೆ ಮೈಯೊಡ್ಡಬೇಕು. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಮಲಗುವ ಒಂದು ಗಂಟೆ ಮೊದಲೇ ದೀಪ ತಗ್ಗಿಸಿ, ಮೊಬೈಲ್ ಫೋನನ್ನು ಬೇರೆ ಕೋಣೆಯಲ್ಲಿಡಬೇಕು. ಮದ್ಯವು ನಿದ್ರೆ ತರಿಸುವಂತೆ ತೋರಿದರೂ ನಡುರಾತ್ರಿಯಲ್ಲಿ ಅದನ್ನು ಒಡೆಯುತ್ತದೆ; ಗಾಂಜಾ ಭಂಗಿಗಳು ಉನ್ಮಾದವನ್ನು ಕೆರಳಿಸುತ್ತವೆ.

ಹಾಗಾದರೆ ಜಾತ್ರೆ, ಜಾಗರಣೆ, ಮದುವೆಗಳನ್ನು ಬಿಟ್ಟುಬಿಡಬೇಕೇ? ಬಿಡಬೇಕಾಗಿಲ್ಲ, ಮಿತಿ ಹಾಕಿಕೊಳ್ಳಬೇಕು. ಶಿವರಾತ್ರಿಯ ಪೂಜೆಯಲ್ಲಿ ಮೊದಲ ಯಾಮಕ್ಕೆ ಕುಳಿತು ಮಲಗಲು ಹೋದರೆ ಭಕ್ತಿಗೆ ಕುಂದಿಲ್ಲ. ಬೆಳಗಿನವರೆಗೆ ನಡೆಯುವ ಯಕ್ಷಗಾನಕ್ಕಿಂತ ರಾತ್ರಿ ಮುಗಿಯುವ ಕಾಲಮಿತಿಯ ಆಟ ಮೇಲು. ರಾತ್ರಿಪಾಳಿಯ ಉದ್ಯೋಗ, ಅದರಲ್ಲಿಯೂ ವಾರಕ್ಕೊಮ್ಮೆ ಬದಲಾಗುವ ಪಾಳಿ, ಇವರಿಗೆ ತಕ್ಕುದಲ್ಲ. ವೈದ್ಯರಿಂದ ಪತ್ರ ಪಡೆದು ಹಗಲಿನ ಕೆಲಸ ಕೇಳುವುದರಲ್ಲಿ ಸಂಕೋಚ ಬೇಡ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಟವರು ಪ್ರಯಾಣಕ್ಕೆ ಮೊದಲೇ ನಿದ್ರೆಯ ಮತ್ತು ಗುಳಿಗೆಯ ಹೊತ್ತುಗಳನ್ನು ವೈದ್ಯರೊಡನೆ ಗೊತ್ತುಮಾಡಿಕೊಳ್ಳಬೇಕು.

ಹೆರಿಗೆಯ ಅನಂತರದ ದಿನಗಳು ಎಲ್ಲಕ್ಕಿಂತ ಸೂಕ್ಷ್ಮ. ಹಳ್ಳಿಗಳಲ್ಲಿ ಬಾಣಂತಿ ಸನ್ನಿ ಎಂದು ಕರೆಯುವ ತೀವ್ರ ಸ್ಥಿತಿ ಈ ವ್ಯಾಧಿಯುಳ್ಳ ಸ್ತ್ರೀಯರಲ್ಲಿ ಹೆಚ್ಚು. ರಾತ್ರಿ ಮಗುವನ್ನು ನೋಡಿಕೊಳ್ಳುವ ಕೆಲಸವನ್ನು ಮನೆಯವರು ಹಂಚಿಕೊಂಡು ತಾಯಿಗೆ ನಿದ್ರೆ ದೊರಕಿಸಿಕೊಡುವುದೇ ಅಲ್ಲಿ ಬಾಣಂತನದ ಮೊದಲ ಉಪಚಾರ. ವಾಲ್‌ಪ್ರೊಯೇಟ್ ಗರ್ಭದ ಶಿಶುವಿಗೆ ಹಾನಿಮಾಡುವುದರಿಂದ, ಗರ್ಭ ಧರಿಸುವ ಮೊದಲೇ ವೈದ್ಯರೊಡನೆ ಮಾತಾಡಬೇಕು. ಹೆದರಿ ತಾವಾಗಿಯೇ ಔಷಧಿ ನಿಲ್ಲಿಸಬಾರದು. ತಾಯಿಮಗುವನ್ನು ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ಘಟಕ ನಿಮ್ಹಾನ್ಸಿನಲ್ಲಿದೆ.

ಮುನ್ಸೂಚನೆಗಳ ಪಟ್ಟಿ

ಪ್ರವಾಹ ಬರುವ ಮೊದಲು ಹೊಳೆಯ ನೀರಿನ ಬಣ್ಣ ಬದಲಾಗುವಂತೆ, ಉನ್ಮಾದಕ್ಕೂ ಮುನ್ಸೂಚನೆಗಳುಂಟು. ಇವು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಬೇರೆಯಾದರೂ ಒಬ್ಬನಲ್ಲಿ ಪ್ರತಿಸಲವೂ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಒಬ್ಬನಿಗೆ ಬೆಳಗಿನ ಮೂರಕ್ಕೆ ಎಚ್ಚರ. ಮತ್ತೊಬ್ಬಳಿಗೆ ಹಳೆಯ ಗೆಳತಿಯರಿಗೆಲ್ಲ ಫೋನು ಮಾಡುವ ಆಸೆ. ಇನ್ನೊಬ್ಬನಿಗೆ ಎಲ್ಲರೂ ನಿಧಾನವೆಂಬ ಸಿಡುಕು. ಸ್ವಸ್ಥವಾಗಿರುವಾಗ ಮನೆಯವರೊಡನೆ ಕುಳಿತು ಹಿಂದಿನ ಸಲದ ಮೊದಲ ಎರಡು ವಾರಗಳನ್ನು ನೆನಪಿಸಿಕೊಂಡು ಇವುಗಳ ಪಟ್ಟಿ ಮಾಡಬೇಕು. ಪಟ್ಟಿಯ ಪಕ್ಕದಲ್ಲಿಯೇ, ಕಂಡಾಗ ಮಾಡಬೇಕಾದುದನ್ನೂ ಬರೆಯಬೇಕು: ಯಾರಿಗೆ ಹೇಳುವುದು, ಯಾವ ವೈದ್ಯರಿಗೆ ಫೋನು ಮಾಡುವುದು, ಯಾವ ಕಾರ್ಯಕ್ರಮಗಳನ್ನು ರದ್ದುಮಾಡುವುದು.

ಇಷ್ಟು ಸಾಮಾನ್ಯ ಕೆಲಸದಿಂದ ಪ್ರಯೋಜನವುಂಟೇ ಎಂಬ ಸಂದೇಹಕ್ಕೆ ಇಂಗ್ಲೆಂಡಿನಿಂದ ಉತ್ತರ ಬಂದಿದೆ. ೧೯೯೯ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ೬೯ ರೋಗಿಗಳಲ್ಲಿ ಕೆಲವರಿಗೆ, ಏಳರಿಂದ ಹನ್ನೆರಡು ಸಲ ಕೂರಿಸಿ, ತಮ್ಮ ಮುನ್ಸೂಚನೆಗಳನ್ನು ಗುರುತಿಸಿ ಬೇಗ ವೈದ್ಯರನ್ನು ಕಾಣುವುದನ್ನು ಕಲಿಸಲಾಯಿತು. ಕಲಿಯದವರ ಗುಂಪಿನಲ್ಲಿ ಕಾಲುಭಾಗ ಮಂದಿಗೆ ಉನ್ಮಾದ ಮರುಕಳಿಸಲು ಹಿಡಿದ ಕಾಲ ೧೭ ವಾರ. ಕಲಿತವರಲ್ಲಿ ೬೫ ವಾರ. ಆದರೆ ಖಿನ್ನತೆಯನ್ನು ದೂರವಿಡುವುದರಲ್ಲಿ ಈ ವಿಧಾನ ಅಷ್ಟು ಫಲಿಸಲಿಲ್ಲ. ಬಾರ್ಸಿಲೋನಾದಲ್ಲಿ ೧೨೦ ರೋಗಿಗಳೊಡನೆ ನಡೆಸಿ ೨೦೦೩ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ರೋಗದ ವಿಷಯವಾಗಿ ೨೧ ಪಾಠಗಳನ್ನು ಗುಂಪಿನಲ್ಲಿ ಕೇಳಿದವರಲ್ಲಿ ಎರಡು ವರ್ಷಗಳೊಳಗೆ ರೋಗ ಮರುಕಳಿಸಿದ್ದು ನೂರಕ್ಕೆ ೬೭ ಮಂದಿಗೆ. ಕೇಳದವರಲ್ಲಿ ೯೨ ಮಂದಿಗೆ. ಎರಡು ಗುಂಪಿನವರೂ ಔಷಧಿ ಪಡೆಯುತ್ತಿದ್ದರು. ಔಷಧಿಯ ಮೇಲೆ ತಿಳಿವಳಿಕೆಯೂ ಸೇರಿದರೆ ಲಾಭ ಹೆಚ್ಚೆಂಬುದು ಇದರಿಂದ ಸ್ಪಷ್ಟ. ಹಾಗೆಯೇ, ಎಲ್ಲವನ್ನೂ ಸರಿಯಾಗಿ ಮಾಡಿದವರಿಗೂ ರೋಗ ಮರಳಬಹುದೆಂಬುದೂ ಸ್ಪಷ್ಟ. ಮರಳಿದಾಗ ರೋಗಿಯನ್ನು ದೂಷಿಸುವುದು ನ್ಯಾಯವಲ್ಲ.

ಹಣ ಮತ್ತು ಮಾತು

ಉನ್ಮಾದವು ಇಳಿದ ಮೇಲೂ ಉಳಿಯುವುವು ಅದು ಮಾಡಿದ ಸಾಲಗಳು ಮತ್ತು ಆಡಿದ ಮಾತುಗಳು. ಹಿಂದೆ ಒಡವೆ ಅಡವಿಡಲು ಪೇಟೆಗೆ ಹೋಗಬೇಕಾಗಿದ್ದಿತು. ಈಗ ಮೊಬೈಲ್ ಫೋನಿನಿಂದಲೇ ನಿಮಿಷದಲ್ಲಿ ಸಾಲ ಪಡೆಯಬಹುದು, ಹಣ ಕಳುಹಿಸಬಹುದು. ಆದುದರಿಂದ ಸ್ವಸ್ಥವಾಗಿರುವಾಗಲೇ ಕೆಲವು ಕಟ್ಟುಗಳನ್ನು ಮಾಡಿಕೊಳ್ಳಬೇಕು. ದಿನಕ್ಕೆ ತೆಗೆಯಬಹುದಾದ ಹಣಕ್ಕೆ ಬ್ಯಾಂಕಿನಲ್ಲಿ ಮಿತಿ ಹಾಕಿಸುವುದು. ಉಳಿತಾಯದ ದೊಡ್ಡ ಭಾಗವನ್ನು ಇಬ್ಬರ ಸಹಿಯಿಲ್ಲದೆ ತೆಗೆಯಲಾಗದ ಖಾತೆಯಲ್ಲಿಡುವುದು. ಜಮೀನು, ನಿವೇಶನ, ರಾಜೀನಾಮೆ, ಮದುವೆ ಮುಂತಾದ ದೊಡ್ಡ ತೀರ್ಮಾನಗಳನ್ನು ಎರಡು ರಾತ್ರಿ ಚೆನ್ನಾಗಿ ನಿದ್ರಿಸಿ, ನಂಬಿದ ಇಬ್ಬರನ್ನು ಕೇಳಿದ ಮೇಲೆಯೇ ಮಾಡುವುದು. ಇದು ಅವಮಾನವಲ್ಲ. ಸ್ವಸ್ಥ ಮನಸ್ಸು ತನ್ನ ಸ್ವತ್ತನ್ನು ಅಸ್ವಸ್ಥ ಗಳಿಗೆಯಿಂದ ಕಾಪಾಡಿಕೊಳ್ಳುವ ಏರ್ಪಾಡು.

ಖಿನ್ನತೆಯ ದಿನಗಳು

ಖಿನ್ನತೆಯಲ್ಲಿ ದೊಡ್ಡ ನಿಶ್ಚಯಗಳಿಂದ ಫಲವಿಲ್ಲ. ಕೆಲಸವನ್ನು ತುಂಡುತುಂಡು ಮಾಡಿಕೊಳ್ಳಬೇಕು. ಏಳುವುದು ಒಂದು ಕೆಲಸ, ಮುಖ ತೊಳೆಯುವುದು ಒಂದು ಕೆಲಸ, ಬೀದಿಯ ತುದಿಯವರೆಗೆ ನಡೆದು ಬರುವುದು ಒಂದು ಕೆಲಸ. ಮನಸ್ಸು ಬಂದ ಮೇಲೆ ಮಾಡುವೆನೆಂದು ಕಾಯುವುದಕ್ಕಿಂತ, ಮಾಡಿದ ಮೇಲೆ ಮನಸ್ಸು ಸ್ವಲ್ಪ ಬರುವುದೆಂದು ತಿಳಿಯಬೇಕು. ಹಗಲೆಲ್ಲ ಮಲಗಿದರೆ ಗಡಿಯಾರ ಮತ್ತಷ್ಟು ತಪ್ಪುವುದು. ಧೈರ್ಯ ತಂದುಕೋ ಎಂಬ ಉಪದೇಶಕ್ಕಿಂತ, ಜೊತೆಯಲ್ಲಿ ಕುಳಿತು ಒಂದು ಲೋಟ ಕಾಫಿ ಕುಡಿಯುವವರು ಹೆಚ್ಚು ಉಪಕಾರಿಗಳು.

ಈ ವ್ಯಾಧಿಯಲ್ಲಿ ಆತ್ಮಹತ್ಯೆಯ ಅಪಾಯವು ಸಾಮಾನ್ಯ ಜನರಿಗಿಂತ ಅನೇಕ ಪಟ್ಟು ಹೆಚ್ಚು. ಲಿಥಿಯಂ ಅದನ್ನು ತಗ್ಗಿಸುತ್ತದೆಂಬುದಕ್ಕೆ ಒಳ್ಳೆಯ ಆಧಾರಗಳಿವೆ. ಸಾಯುವ ಆಲೋಚನೆ ಬರುತ್ತಿದೆಯೇ ಎಂದು ಮನೆಯವರು ನೇರವಾಗಿ, ಮೃದುವಾಗಿ ಕೇಳಬೇಕು. ಕೇಳುವುದರಿಂದ ಆ ಆಲೋಚನೆ ಹುಟ್ಟುವುದೆಂಬುದು ತಪ್ಪು ನಂಬಿಕೆ. ಕೇಳಿದರೆ ಭಾರ ಇಳಿಯುವುದೇ ಹೆಚ್ಚು. ಬರುತ್ತಿದೆಯೆಂದರೆ ಒಬ್ಬರನ್ನೇ ಬಿಡದೆ, ಮನೆಯಲ್ಲಿರುವ ಔಷಧಿ ಕೀಟನಾಶಕಗಳನ್ನು ಬೀಗದಲ್ಲಿಟ್ಟು, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ದೂರವಾಣಿ ಸೇವೆಯಲ್ಲಿ ೧೪೪೧೬ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು, ಅದಕ್ಕೆ ಹಣವಿಲ್ಲ.

ಮನೆಯವರ ಪಾಲು ಮತ್ತು ಕಾನೂನು

ರೋಗವನ್ನು ಮುಚ್ಚಿಡುವ ಮನೆಗಳಲ್ಲಿ ರೋಗಿಗೆ ಎರಡು ಹೊರೆ. ಗುಟ್ಟಾಗಿ ಮದುವೆ ಮಾಡಿದರೆ ಗುಳಿಗೆಯನ್ನು ಗುಟ್ಟಾಗಿ ನುಂಗಬೇಕಾಗುವುದು. ಗುಟ್ಟು ಒಡೆಯುವ ಭಯದಿಂದ ಗುಳಿಗೆ ನಿಲ್ಲುವುದು. ಮದುವೆಯ ಗಡಿಬಿಡಿಯಲ್ಲಿ ನಿದ್ರೆಯೂ ಕೆಡುವುದು. ರೋಗವೂ ಗುಟ್ಟೂ ಒಟ್ಟಿಗೆ ಹೊರಬೀಳುವುವು. ಮೊದಲೇ ತಿಳಿಸಿ, ವಧೂವರರಿಬ್ಬರೂ ವೈದ್ಯರನ್ನು ಕಂಡು ಮಾತಾಡುವುದೇ ಧರ್ಮ, ಅದೇ ಕ್ಷೇಮ. ಸದಾ ಟೀಕೆ, ಮೂದಲಿಕೆಗಳಿರುವ ಮನೆಯಲ್ಲಿ ರೋಗ ಬೇಗ ಮರುಕಳಿಸುವುದೆಂದು ಸಂಶೋಧನೆಗಳು ತೋರಿಸಿವೆ. ಆದರೆ ಸ್ವಸ್ಥನು ನಕ್ಕರೂ ಉನ್ಮಾದವೇ, ಕೋಪಗೊಂಡರೂ ಉನ್ಮಾದವೇ ಎಂದು ಸದಾ ಕಾವಲು ಕಾಯುವುದೂ ತಪ್ಪು. ಒಪ್ಪಿದ ಪಟ್ಟಿಯಲ್ಲಿ ಇರುವುದನ್ನು ಮಾತ್ರ ಗಮನಿಸಬೇಕು. ಉಳಿದುದನ್ನು ಮನುಷ್ಯನ ಸಹಜ ಭಾವನೆಯೆಂದು ಬಿಡಬೇಕು.

೨೦೧೭ರ ಮಾನಸಿಕ ಆರೋಗ್ಯ ಪಾಲನೆಯ ಕಾಯಿದೆ ೨೦೧೮ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ವಯಸ್ಕನಾದವನು ಸ್ವಸ್ಥವಾಗಿರುವಾಗಲೇ, ಮುಂದೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಬರೆದಿಡುವ ಹಕ್ಕನ್ನೂ, ತನ್ನ ಪರವಾಗಿ ಮಾತಾಡುವ ಪ್ರತಿನಿಧಿಯನ್ನು ಹೆಸರಿಸುವ ಹಕ್ಕನ್ನೂ ಅದು ಕೊಟ್ಟಿದೆ. ನಾವು ಇದುವರೆಗೆ ಹೇಳಿದ ತತ್ತ್ವವನ್ನೇ ಕಾನೂನು ತನ್ನ ಭಾಷೆಯಲ್ಲಿ ಹೇಳಿದೆಯೆನ್ನಬಹುದು.

ಆ ತತ್ತ್ವವಾದರೂ ಇಷ್ಟೇ. ಉನ್ಮಾದವು ಏರಿದಾಗ ತನಗೆ ರೋಗವಿದೆಯೆಂದು ಮನಸ್ಸಿಗೆ ತೋರುವುದಿಲ್ಲ. ಖಿನ್ನತೆ ಕವಿದಾಗ ಗುಣವಾಗುವುದೆಂದು ತೋರುವುದಿಲ್ಲ. ಎರಡು ಕಾಲದಲ್ಲಿಯೂ ರೋಗಿಯ ತೀರ್ಪು ರೋಗದ ಕೈಯಲ್ಲಿರುತ್ತದೆ. ಆದುದರಿಂದ ತೀರ್ಪುಗಳನ್ನು ನಡುವಣ ಸ್ವಸ್ಥ ದಿನಗಳಲ್ಲಿ ಮಾಡಿಡಬೇಕು: ಗುಳಿಗೆಯ ಹೊತ್ತು, ನಿದ್ರೆಯ ಹೊತ್ತು, ಮುನ್ಸೂಚನೆಗಳ ಪಟ್ಟಿ, ಹಣದ ಕಟ್ಟು, ನಂಬಿದವರ ಹೆಸರು. ಎಲ್ಲವೂ ಸರಿಯಾಗಿರುವಾಗ ಇವೆಲ್ಲ ಅನಾವಶ್ಯಕವೆಂದು ತೋರುವುದು ಸಹಜ. ಆದರೆ ಹೊಲಕ್ಕೆ ಒಡ್ಡು ಹಾಕುವುದು ಮಳೆಗಾಲದಲ್ಲಲ್ಲ, ಬೇಸಿಗೆಯಲ್ಲಿ. ಹಾಗೆ ಒಡ್ಡು ಹಾಕಿಕೊಂಡವರು ಶಾಲೆಗಳಲ್ಲಿ ಪಾಠ ಹೇಳುತ್ತ, ಕಚೇರಿಗಳಲ್ಲಿ ದುಡಿಯುತ್ತ, ಮಕ್ಕಳನ್ನು ಬೆಳೆಸುತ್ತ, ನಮ್ಮ ನಿಮ್ಮ ನಡುವೆಯೇ ಬಾಳುತ್ತಿದ್ದಾರೆ.